ತಾಲ್ಲೂಕು ಮಟ್ಟದಲ್ಲಿ ಕುಟುಂಬ ಆದಾಯದ ಮಧ್ಯಾಂಕವನ್ನು ಅಂದಾಜಿಸುವುದು ಹೇಗೆ?

ಪ್ರಶ್ನೆ: ಎಂ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಸಂಖ್ಯಾಶಾಸ್ತ್ರದ ಅಂತಿಮ ವರ್ಷದ ಪ್ರಾಜೆಕ್ಟ್‌ಗಾಗಿ ದಾವಣಗೆರೆ ಜಿಲ್ಲೆಯ ಆರೂ ತಾಲ್ಲೂಕುಗಳ ಕುಟುಂಬ ಆದಾಯದ ಮಧ್ಯಾಂಕವನ್ನು (ಮನೆಗಳನ್ನು ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವಿನ ಮನೆಯ ಆದಾಯ) ಅಂದಾಜು ಮಾಡಬೇಕೆಂದಿದ್ದೇನೆ. ಅಮೆರಿಕದ ಜನಗಣತಿ ಬ್ಯೂರೊ 3,100ಕ್ಕೂ ಹೆಚ್ಚು ಕೌಂಟಿಗಳಿಗೆ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗಗಳಿಗೆ) ಪ್ರತಿವರ್ಷ ಇಂಥ ಅಂಕಿಗಳನ್ನು ಕೊಡುತ್ತದೆ. ಅದೇ ವಿಧಾನವನ್ನು ಇಲ್ಲಿಗೆ ತರಬಹುದೇ? ಸಹಪಾಠಿಗಳೊಂದಿಗೆ ಸೇರಿ ನಡೆಸಿದ ಸಮೀಕ್ಷೆಯಲ್ಲಿ ತಾಲ್ಲೂಕಿಗೆ 80 ಮನೆಗಳಿವೆ, ಜಗಳೂರಿನಲ್ಲಿ ಮಾತ್ರ 40. ಆದಾಯವನ್ನು ಒಂದೊಂದು ಲಕ್ಷದ ವರ್ಗಗಳಲ್ಲಿ ಬರೆದುಕೊಂಡಿದ್ದೇವೆ. ಇಷ್ಟೆಲ್ಲ ಏಕೆ, ತಲಾ ಆದಾಯವನ್ನು ಮನೆಯ ಸದಸ್ಯರ ಸಂಖ್ಯೆಯಿಂದ ಗುಣಿಸಿದರೆ ಸಾಲದೇ ಎಂದು ಗೆಳತಿಯೊಬ್ಬಳು ಕೇಳುತ್ತಾಳೆ.

ಉತ್ತರ 1: ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ಸಾಲದು. ತಲಾ ಆದಾಯವೆಂಬುದು ಜಿಲ್ಲೆಯ ಒಟ್ಟು ಉತ್ಪನ್ನವನ್ನು ತಲೆಗಳಿಂದ ಭಾಗಿಸಿದ ಸರಾಸರಿ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಲಾಭವೂ ಅಲ್ಲಿ ಶೇಂಗಾ ಚೀಲ ಹೊರುವ ಹಮಾಲರ ಕೂಲಿಯೂ ಅದರಲ್ಲಿ ಬೆರೆತಿರುತ್ತವೆ. ಮೇಲಿನ ಕೆಲವೇ ಮನೆಗಳು ಸರಾಸರಿಯನ್ನು ಎಳೆದುಕೊಂಡು ಹೋಗುತ್ತವೆ, ಮಧ್ಯಾಂಕ ಇದ್ದಲ್ಲೇ ಇರುತ್ತದೆ.

ವರ್ಗಗಳಿಂದ ಮಧ್ಯಾಂಕ ತೆಗೆಯುವುದು ನಿಮಗೆ ಗೊತ್ತೇ ಇದೆ. ಉದಾಹರಣೆಗೆ, 80 ಮನೆಗಳಲ್ಲಿ 18 ಮನೆಗಳು ಒಂದು ಲಕ್ಷಕ್ಕಿಂತ ಕೆಳಗೆ, 34 ಮನೆಗಳು ಒಂದರಿಂದ ಎರಡು ಲಕ್ಷದೊಳಗೆ ಇವೆ ಎನ್ನಿ. ಅರ್ಧವೆಂದರೆ 40, ಅದರಲ್ಲಿ 18 ಕಳೆದರೆ 22. ಒಂದರಿಂದ ಎರಡು ಲಕ್ಷದ ವರ್ಗದೊಳಗೆ 34ರಲ್ಲಿ 22 ಪಾಲಿನಷ್ಟು ಮುಂದೆ ಸರಿದರೆ ಸುಮಾರು 1.65 ಲಕ್ಷ ಬರುತ್ತದೆ. ಆದರೆ ಜನ ‘ಒಂದು ಲಕ್ಷ’, ‘ಒಂದೂವರೆ ಲಕ್ಷ’ ಎಂದು ದುಂಡು ಅಂಕಿಗಳನ್ನೇ ಹೇಳುವುದರಿಂದ ವರ್ಗದೊಳಗೆ ಮನೆಗಳು ಸಮನಾಗಿ ಹರಡಿರುವುದಿಲ್ಲ. ಮುಂದಿನ ಬಾರಿ ಹೇಳಿದ ಮೊತ್ತವನ್ನೇ ಬರೆದುಕೊಳ್ಳಿ.

ಇನ್ನೊಂದು ಮಾತು: ಆರು ಮಧ್ಯಾಂಕಗಳ ಸರಾಸರಿಯನ್ನು ಜಿಲ್ಲೆಯ ಮಧ್ಯಾಂಕವೆಂದು ಬರೆದುಬಿಡಬೇಡಿ. ಪ್ರತಿ ತಾಲ್ಲೂಕಿನ ವಿತರಣೆಗೆ ಅಲ್ಲಿನ ಮನೆಗಳ ಸಂಖ್ಯೆಯ ತೂಕ ಕೊಟ್ಟು, ಎಲ್ಲವನ್ನೂ ಒಂದುಗೂಡಿಸಿದ ಮೇಲೆಯೇ ನಡುವಿನ ಮನೆಯನ್ನು ಹುಡುಕಬೇಕು.

ಉತ್ತರ 2: ಸಮೀಕ್ಷಾ ದತ್ತಾಂಶದ ಕೆಲಸದಲ್ಲಿರುವವರು, ದಾವಣಗೆರೆ

ಅಮೆರಿಕದವರ ವಿಧಾನದ ಬೇರು 1979ರಲ್ಲಿ ಫೇ ಮತ್ತು ಹೆರಿಯಟ್ ಬರೆದ ಪ್ರಬಂಧದಲ್ಲಿದೆ. ಅವರು ಅದನ್ನು ಬಳಸಿದ್ದು ಸಣ್ಣ ಊರುಗಳ ತಲಾ ಆದಾಯಕ್ಕೆ. ಸಮೀಕ್ಷೆಯಿಂದ ನೇರವಾಗಿ ಬಂದ ಅಂಕಿ ಒಂದು, ಬೇರೆ ದಾಖಲೆಗಳನ್ನು ಆಧರಿಸಿದ ರಿಗ್ರೆಶನ್ (ಆ ದಾಖಲೆಗಳಿಗೂ ಆದಾಯಕ್ಕೂ ಇರುವ ಸಂಬಂಧದ ಲೆಕ್ಕ) ಹೇಳುವ ಅಂಕಿ ಇನ್ನೊಂದು. ಇವೆರಡರಲ್ಲಿ ಯಾವುದು ಹೆಚ್ಚು ಅಲುಗಾಡುತ್ತದೆಯೋ ಅದಕ್ಕೆ ಕಡಿಮೆ ತೂಕ ಕೊಟ್ಟು ಬೆರೆಸುತ್ತಾರೆ. ನಿಮ್ಮ ಜಗಳೂರನ್ನೇ ತೆಗೆದುಕೊಳ್ಳಿ. ಲಾಗರಿದಮ್ ಮಾನದಲ್ಲಿ 40 ಮನೆಗಳ ಅಂದಾಜಿನ ವಿಚಲನವರ್ಗ (ವೇರಿಯನ್ಸ್, ಅಂದರೆ ಅಂಕಿ ಎಷ್ಟು ಅಲುಗಾಡುತ್ತದೆ ಎಂಬುದರ ಅಳತೆ) 0.06, ರಿಗ್ರೆಶನ್ನಿನದು 0.02 ಎಂದಿಟ್ಟುಕೊಂಡರೆ, ನೇರ ಅಂಕಿಗೆ ಸಿಗುವ ತೂಕ ಕಾಲು ಭಾಗ ಮಾತ್ರ. ಸಮೀಕ್ಷೆ 1.10 ಲಕ್ಷ, ರಿಗ್ರೆಶನ್ 1.50 ಲಕ್ಷ ಎಂದರೆ ಬೆರೆಸಿದ ಅಂಕಿ ಸುಮಾರು 1.39 ಲಕ್ಷವಾಗುತ್ತದೆ.

ತೊಡಕಿರುವುದು ಆ ‘ಬೇರೆ ದಾಖಲೆ’ಗಳಲ್ಲಿ. ಅಮೆರಿಕದಲ್ಲಿ ಆದಾಯ ತೆರಿಗೆ ವಿವರಗಳ ಮಧ್ಯಾಂಕವೇ ಮುಖ್ಯ ಆಧಾರ. ನಮ್ಮಲ್ಲಿ ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಹೀಗಾಗಿ ಚನ್ನಗಿರಿಯ ಅಡಿಕೆ ತೋಟ ಎಷ್ಟೇ ದೊಡ್ಡದಿರಲಿ, ತೆರಿಗೆ ಕಡತದಲ್ಲಿ ಅದು ಕಾಣುವುದು ಅಪರೂಪ. ಬಿಪಿಎಲ್ ಕಾರ್ಡ್ ಬಳಸೋಣವೆಂದರೆ ಅದಕ್ಕೆ ವಾರ್ಷಿಕ ಆದಾಯದ ಮಿತಿ 1.20 ಲಕ್ಷ, ಘೋಷಿತ ಆದಾಯಗಳೆಲ್ಲ ಆ ಗೆರೆಯ ಕೆಳಗೇ ಬಂದು ಕುಳಿತಿರುತ್ತವೆ. ಒಂದೇ ಒಲೆಯ ಮನೆಯಲ್ಲಿ ಎರಡು ಕಾರ್ಡುಗಳಿರುವುದೂ ಉಂಟು. ನನ್ನ ಅಭಿಪ್ರಾಯದಲ್ಲಿ ನೀರಾವರಿ ಜಮೀನಿನ ಪಾಲು ಮತ್ತು ಜನಗಣತಿಯಲ್ಲಿ ಬರುವ ದ್ವಿಚಕ್ರ ವಾಹನವುಳ್ಳ ಮನೆಗಳ ಪಾಲು ಇವಕ್ಕಿಂತ ಮೇಲು, ಆದರೆ 2011ರ ಜನಗಣತಿ ಹಳೆಯದೆಂಬುದನ್ನು ಬರೆಯಲು ಮರೆಯಬೇಡಿ. ಆರೇ ಬಿಂದುಗಳ ಮೇಲೆ ರಿಗ್ರೆಶನ್ ನಿಲ್ಲುವುದಿಲ್ಲ. ಗ್ರಾಮ ಪಂಚಾಯಿತಿಯನ್ನು ಘಟಕವಾಗಿಸಿ, ಚರಗಳನ್ನು ಒಂದೆರಡಕ್ಕೆ ಸೀಮಿತಗೊಳಿಸಿ.

ಉತ್ತರ 3: ಅಡಿಕೆ ಬೆಳೆಗಾರ, ಚನ್ನಗಿರಿ ತಾಲ್ಲೂಕು

ನಿಮ್ಮಂಥ ವಿದ್ಯಾರ್ಥಿಗಳು ಕಳೆದ ವರ್ಷ ನಮ್ಮ ಮನೆಗೂ ಬಂದು ತಿಂಗಳ ಆದಾಯವೆಷ್ಟು ಎಂದು ಕೇಳಿದ್ದರು. ತೋಟವನ್ನು ಚೇಣಿಗೆ (ಫಸಲನ್ನು ಗುತ್ತಿಗೆಗೆ) ಕೊಟ್ಟವನಿಗೆ ತಿಂಗಳ ಆದಾಯವೆಂಬುದೇ ಇಲ್ಲ, ಹಣ ಬರುವುದು ಎರಡು ಮೂರು ಕಂತಿನಲ್ಲಿ. ನಾನು ಹೇಳಿದ್ದು ಚೇಣಿಯ ಪೂರ್ತಿ ಮೊತ್ತ, ಪಕ್ಕದ ಮನೆಯವರು ಹೇಳಿದ್ದು ಗೊಬ್ಬರ, ಕೂಲಿ, ಬೋರ್‌ವೆಲ್ ಸಾಲದ ಕಂತು ಕಳೆದು ಕೈಯಲ್ಲಿ ಉಳಿದದ್ದು. ಎರಡನ್ನೂ ಒಂದೇ ಕಾಲಮಿನಲ್ಲಿ ಬರೆದುಕೊಂಡು ಹೋದರು.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ನಮ್ಮ ಪ್ರಶ್ನಾವಳಿಯಲ್ಲಿಯೂ ‘ತಿಂಗಳ ಆದಾಯ’ ಎಂದೇ ಇದೆ, ಅದನ್ನು 12ರಿಂದ ಗುಣಿಸಿ ವರ್ಗ ಹಾಕಿದ್ದೇವೆ. ಚನ್ನಗಿರಿಯ 80 ಮನೆಗಳಿಗೂ ಮತ್ತೊಮ್ಮೆ ಹೋಗಿ, ವರ್ಷದ ಹುಟ್ಟುವಳಿಯನ್ನೂ ಖರ್ಚನ್ನೂ ಬೇರೆ ಬೇರೆಯಾಗಿ ಕೇಳಿಕೊಂಡು ಬರುತ್ತೇವೆ.