ವೇಲ್ಸ್‌ನ ಹೆನ್ ಡೊಮೆನ್: ಕೋಟೆಯ ಕಲ್ಲುಗಳೆಲ್ಲ ಎಲ್ಲಿ ಹೋದವು?

ಪ್ರಶ್ನೆ
ಕಳೆದ ಶನಿವಾರ ಮಗಳೊಂದಿಗೆ ವೇಲ್ಸ್ ಗಡಿಯ ಮಾಂಟ್ಗೊಮರಿಗೆ ಹೋಗಿದ್ದೆ. ಬಂಡೆಯ ಮೇಲಿನ ಕಲ್ಲುಕೋಟೆ ನೋಡಿ ಮುಗಿಸಿದ ಮೇಲೆ, ನಕ್ಷೆಯಲ್ಲಿ ಹತ್ತಿರವೇ ‘ಹೆನ್ ಡೊಮೆನ್’ ಎಂಬ ಇನ್ನೊಂದು ಕೋಟೆ ಕಂಡಿತು. ಹೋಗಿ ನೋಡಿದರೆ ಮರ ಬೆಳೆದ ಒಂದು ದಿಬ್ಬ, ಸುತ್ತ ತಗ್ಗು, ಹುಲ್ಲು. ಒಂದು ಗೋಡೆಯೂ ಇಲ್ಲ. ಹೊಸ ಕೋಟೆಗೆಂದು ಇಲ್ಲಿನ ಕಲ್ಲನ್ನು ಕಿತ್ತುಕೊಂಡು ಹೋದರೇ? ಮಗಳು ಕೇಳಿದಳು, ನನಗೆ ಹೇಳಲು ತಿಳಿಯಲಿಲ್ಲ.

ಉತ್ತರ 1
ಕೀಳಲು ಅಲ್ಲಿ ಕಲ್ಲಿನ ಗೋಡೆಯೇ ಇರಲಿಲ್ಲ ಸರ್. ನೀವು ನೋಡಿದ ದಿಬ್ಬ ಮತ್ತು ತಗ್ಗು, ಅದೇ ಕೋಟೆ.

1070ರ ದಶಕದಲ್ಲಿ ಶ್ರೂಸ್‌ಬರಿಯ ನಾರ್ಮನ್ ಅರ್ಲ್ (ಪ್ರಾಂತ್ಯದ ಒಡೆಯ) ರೋಜರ್ ಡಿ ಮಾಂಟ್ಗೊಮರಿ, ಸೆವರ್ನ್ ನದಿಯನ್ನು ದಾಟುವ ಜಾಗವನ್ನು ಕಾಯಲು ಅದನ್ನು ಕಟ್ಟಿಸಿದ. ಕಂದಕದ ಮಣ್ಣನ್ನೇ ಪೇರಿಸಿ ದಿಬ್ಬ, ಅದರ ಮೇಲೆ ಮರದ ಬುರುಜು. ಪಕ್ಕದಲ್ಲಿ ಜನ ವಾಸಿಸುವ ಅಂಗಳ, ಅದಕ್ಕೆ ಮಣ್ಣಿನ ಏರಿ, ಮರದ ಬೇಲಿ. 1223ರಲ್ಲಿ ಇಂಗ್ಲೆಂಡಿನ ರಾಜ ಮೂರನೆಯ ಹೆನ್ರಿ ಬಂಡೆಯ ಮೇಲೆ ಕಲ್ಲುಕೋಟೆ ಕಟ್ಟಿಸತೊಡಗಿದಾಗ ಇದು ‘ಹಳೆಯದು’ ಆಯಿತು.

ನಾನು ಶ್ರೂಸ್‌ಬರಿಗೆ ಬಂದ ವರ್ಷದಿಂದ ಪ್ರತಿ ಚಳಿಗಾಲವೂ ಅಲ್ಲಿಗೆ ಹೋಗುತ್ತೇನೆ. ಇಷ್ಟು ಅಕ್ಕರೆ ಏಕೆಂದರೆ, ಪುರಾತತ್ವಜ್ಞ ಫಿಲಿಪ್ ಬಾರ್ಕರ್ ಮತ್ತು ಜೊತೆಗಾರರು 1960ರಿಂದ 1992ರವರೆಗೆ, ಬಹುಪಾಲು ಆ ಅಂಗಳದ ಒಂದು ಭಾಗವನ್ನೇ ಕರಣೆಯಿಂದ ಕೆರೆದು ಕೆರೆದು ನೋಡಿದರು. ಮರ ಕೊಳೆತುಹೋಗಿತ್ತು, ಕಂಬ ನೆಟ್ಟ ಕುಳಿಗಳ ಮಣ್ಣಿನ ಬಣ್ಣ ಮಾತ್ರ ಉಳಿದಿತ್ತು. ಅಷ್ಟರಿಂದಲೇ ಮನೆಗಳು ಮತ್ತೆ ಮತ್ತೆ ಎದ್ದ ಕತೆಯನ್ನು ಬಿಡಿಸಿದರು. ಏರಿಯ ಅಡಿಯಲ್ಲಿ ಇನ್ನೂ ಹಳೆಯದೊಂದು ಸಿಕ್ಕಿತು: ನೇಗಿಲ ಸಾಲುಗಳು. ಕೋಟೆ ಬರುವ ಮೊದಲು ಅಲ್ಲಿ ಯಾರೋ ಉತ್ತಿದ್ದರು. ಅರ್ಲ್‌ನ ಹೆಸರು ಊರಿಗೂ ಉಳಿಯಿತು, ಆ ರೈತನ ಹೆಸರು ಎಲ್ಲಿಯೂ ಇಲ್ಲ. ಏರಿಯ ಬಳಿ ನಿಂತಾಗಲೆಲ್ಲ ನನಗೆ ನೆನಪಾಗುವವನು ಅವನೇ.

ಉತ್ತರ 2
ಹೆಸರಿನ ಬಗ್ಗೆ ಒಂದು ಮಾತು. ವೇಲ್ಸ್ ಭಾಷೆಯಲ್ಲಿ ‘ಹೆನ್’ ಎಂದರೆ ಹಳೆಯ, ‘ತೊಮೆನ್’ ಎಂದರೆ ದಿಬ್ಬ. ಎರಡೂ ಸೇರಿದಾಗ ತಕಾರ ದಕಾರವಾಗುತ್ತದೆ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆಗುವ ಹಾಗೆ. ಅವರ ನಿಯಮಕ್ಕೆ ಕಾರಣ ಬೇರೆ, ಆದರೂ ಆದೇಶ ಸಂಧಿ ಕಲಿತ ಕಿವಿಗೆ ಇದು ಎಷ್ಟು ಹಿತ!

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. ನೇಗಿಲ ಸಾಲಿನ ವಿಷಯ ಕೇಳಿ ಮಗಳು ಮತ್ತೆ ಹೋಗೋಣ ಎನ್ನುತ್ತಿದ್ದಾಳೆ. ಲೋಹಶೋಧಕ ಕೊಡಿಸು ಎಂದೂ ಕೇಳುತ್ತಿದ್ದಾಳೆ.

ಉತ್ತರ 1
ದಯವಿಟ್ಟು ಅದು ಬೇಡ. ಸಂರಕ್ಷಿತ ಸ್ಮಾರಕದಲ್ಲಿ ಅನುಮತಿಯಿಲ್ಲದೆ ಲೋಹಶೋಧಕ ಬಳಸುವುದು ಅಪರಾಧ. ಕಂಬದ ಕುಳಿಯನ್ನು ಒಮ್ಮೆ ಅಗೆದು ಕೆಡಿಸಿದರೆ ಅದನ್ನು ಮತ್ತೆ ಓದಲಾಗದು. ಜಮೀನಿನವರನ್ನು ಕೇಳಿಯೇ ಒಳಗೆ ಕಾಲಿಡಿ.

ಡಿಸೆಂಬರಿನಲ್ಲಿ ಬಿಸಿಲಿರುವ ದಿನ ಹೋಗಿ. ಎಲೆ ಉದುರಿರುತ್ತದೆ, ಓರೆ ಬಿಸಿಲಿಗೆ ಏರಿ, ಕಂದಕಗಳ ನೆರಳು ಉದ್ದಕ್ಕೆ ಬಿದ್ದು ಕೋಟೆಯ ಆಕಾರ ಎದ್ದು ಕಾಣುತ್ತದೆ. ಎರಡೂವರೆಯೊಳಗೆ ತಲುಪಿ, ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ.