ಪದ ಬೇಕು: ಕ್ಯಾಂಬರ್, ಕ್ಯಾಸ್ಟರ್, ಟೋ, ಮತ್ತೆ ಎರಡು 'ಟ್ರ್ಯಾಕ್'

ಗೆಳೆಯರೇ,

ಕಾರ್ಟ್ (ನೆಲಕ್ಕೆ ತಗ್ಗಾಗಿರುವ ಪುಟ್ಟ ರೇಸ್ ಗಾಡಿ) ರೇಸಿಂಗ್ ಕಲಿಯುವವರಿಗಾಗಿ ಸ್ಟೀರಿಂಗ್ ಸೆಟಪ್ ಬಗ್ಗೆ ಕನ್ನಡದಲ್ಲಿ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ಒಣ ಟ್ರ್ಯಾಕಿಗೆ ಹೇಗೆ, ಒದ್ದೆ ಟ್ರ್ಯಾಕಿಗೆ ಹೇಗೆ ಅನ್ನುವ ವಿಷಯ. ಕೆಲವು ಪದಗಳು ಕೈಕೊಡುತ್ತಿವೆ, ಅದಕ್ಕೇ ಕೇಳುತ್ತಿದ್ದೇನೆ.

ಮೊದಲನೆಯದು 'ವಾಲು'. ಕಾರ್ಟಿನ ಎದುರು ನಿಂತು ನೋಡಿದಾಗ ಗಾಲಿಯ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿದ್ದರೆ ಅದು ಕ್ಯಾಂಬರ್. ಗಾಲಿ ಯಾವ ಬೋಲ್ಟಿನ ಮೇಲೆ ಎಡಕ್ಕೆ ಬಲಕ್ಕೆ ತಿರುಗುತ್ತದೋ ಆ ಕಿಂಗ್‌ಪಿನ್ ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರುತ್ತದೆ, ಅದು ಕ್ಯಾಸ್ಟರ್. ಅದೇ ಕಿಂಗ್‌ಪಿನ್ ಎದುರಿನಿಂದ ನೋಡಿದರೆ ಒಳಕ್ಕೂ ವಾಲಿರುತ್ತದೆ, ಅದಕ್ಕೆ ಮೂರನೇ ಹೆಸರು, ಕಿಂಗ್‌ಪಿನ್ ಇಂಕ್ಲಿನೇಷನ್. ಕನ್ನಡದಲ್ಲಿ ಬರೆಯಲು ಕೂತರೆ ಮೂರೂ 'ವಾಲು', ಇಲ್ಲ ಅಂದ್ರೆ 'ಓರೆ'. ಸದ್ಯಕ್ಕೆ ಗಾಲಿವಾಲು, ಹಿಂವಾಲು, ಒಳವಾಲು ಅಂತ ಇಟ್ಟುಕೊಂಡಿದ್ದೇನೆ. ಆದರೆ ನೆಗೆಟಿವ್ ಕ್ಯಾಂಬರ್ ಅಂದರೂ ಗಾಲಿ ಒಳಕ್ಕೆ ವಾಲುವುದೇ ಅಲ್ವಾ, ಅಲ್ಲಿ 'ಒಳವಾಲು' ಎಡವುತ್ತದೆ. 'ವಾಲುವಿಕೆ' ಅಂತ ಎಳೆಯಲು ಮನಸ್ಸಿಲ್ಲ. ಸಂಸ್ಕೃತದಿಂದ 'ಕೋನ' ಸೇರಿಸಿ ಕಟ್ಟಿದ ಪದಗಳೂ ಬೇಡ, ಸ್ಪ್ಯಾನರ್ ಹಿಡಿದವರ ಬಾಯಲ್ಲಿ ಅವು ನಿಲ್ಲುವುದಿಲ್ಲ.

ಎರಡನೆಯದು ಒಂದು ಕ್ರಿಯಾಪದ. ಇದೇ ನನಗೆ ಮುಖ್ಯ. ಕಾರ್ಟಿಗೆ ಡಿಫರೆನ್ಷಿಯಲ್ (ಎಡ ಬಲ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ, ಹಿಂದಿನ ಎರಡೂ ಗಾಲಿ ಒಂದೇ ಅಚ್ಚಿಗೆ ಬಿಗಿದಿರುತ್ತವೆ, ಹಾಗಾಗಿ ತಿರುವಿನಲ್ಲಿ ಒಳಬದಿಯ ಹಿಂಗಾಲಿ ನೆಲ ಬಿಡದಿದ್ದರೆ ಕಾರ್ಟ್ ತಿರುಗದೆ ನೆಟ್ಟಗೆ ನುಗ್ಗುತ್ತದೆ. ಆ ಗಾಲಿಯನ್ನು ಎತ್ತುವುದು ಮುಂದಿನ ಕ್ಯಾಸ್ಟರ್. ಸ್ಟೀರಿಂಗ್ ತಿರುಗಿಸಿದಾಗ ಒಳಬದಿಯ ಮುಂಗಾಲಿ ಚಾಸಿಗಿಂತ (ಕಾರ್ಟಿನ ಚೌಕಟ್ಟಿಗಿಂತ) ಕೆಳಕ್ಕೆ ಒತ್ತುತ್ತದೆ, ಹೊರಬದಿಯದು ಮೇಲೇರುತ್ತದೆ, ಭಾರ ಮೂಲೆಯಿಂದ ಮೂಲೆಗೆ ಹೋಗಿ ಹಿಂದೆ ಒಂದು ಗಾಲಿ ಹಗುರಾಗಿ ಏಳುತ್ತದೆ. ಒದ್ದೆ ಟ್ರ್ಯಾಕಿನಲ್ಲಿ ಟೈರಿಗೆ ಹಿಡಿತ ಸಾಲದು, ಗಾಲಿ ತಾನಾಗಿ ಏಳುವುದಿಲ್ಲ, ಆಗ ಕ್ಯಾಸ್ಟರ್ ಜಾಸ್ತಿ ಮಾಡುತ್ತಾರೆ. ಟೈರುಗಳ ರಬ್ಬರ್ ಅಂಟಿ ಕೂತ ಒಣ ಟ್ರ್ಯಾಕಿನಲ್ಲಿ ಅದೇ ಕ್ಯಾಸ್ಟರ್ ಬಿಟ್ಟರೆ ಗಾಲಿ ಬೇಕಾದ್ದಕ್ಕಿಂತ ಹೆಚ್ಚು ಎದ್ದು ಕಾರ್ಟ್ ಕುಪ್ಪಳಿಸುತ್ತದೆ, ಸ್ಟೀರಿಂಗೂ ಭಾರ. ಈ ಇಡೀ ಕೆಲಸಕ್ಕೆ 'ಎತ್ತು' ಅಂದರೆ ಚಪ್ಪೆ, 'ಮೀಟು' ಅಂದರೆ ಸರಿಯಾಗಿ ಕೂರುತ್ತದೆ ಅನ್ನಿಸುತ್ತಿದೆ. ಕ್ಯಾಸ್ಟರ್ ಹಿಂಗಾಲಿಯನ್ನು ಮೀಟುತ್ತದೆ. ಬಳಸಬಹುದಾ? ವೀಣೆ ನೆನಪಾಗಿಬಿಡುತ್ತದಾ?

ಕ್ಯಾಸ್ಟರನ್ನು ಬದಲಾಯಿಸುವ ಸಣ್ಣ ಬಿಲ್ಲೆಗೆ ಪಿಲ್ ಅನ್ನುತ್ತಾರೆ. ತೂತು ನಡುವಿನಲ್ಲಿಲ್ಲದ ಬಿಲ್ಲೆ, ಮೇಲೆ ಗುರುತಿಗೆ ಒಂದು ಚುಕ್ಕಿ. ಚುಕ್ಕಿ ಯಾವ ಕಡೆಗೆ ತಿರುಗಿತೋ ಅದರ ಪ್ರಕಾರ ಕಿಂಗ್‌ಪಿನ್ ಸರಿಯುತ್ತದೆ. ದಯವಿಟ್ಟು ಯಾರೂ 'ಮಾತ್ರೆ' ಅನ್ನಬೇಡಿ. 'ಬಿಲ್ಲೆ' ಸಾಕು.

ಟೋ ಸುಲಭ ಅಂದುಕೊಂಡಿದ್ದೆ. ಗಾಲಿಗಳ ಮುಂತುದಿಗಳ ನಡುವಿನ ಅಂತರ ಹಿಂತುದಿಗಳದಕ್ಕಿಂತ, ಉದಾಹರಣೆಗೆ, 2 ಮಿ.ಮೀ. ಹೆಚ್ಚಿದ್ದರೆ ಟೋ-ಔಟ್. 'ಹೊರತಿರುವು' ಅಂತ ಬರೆದೆ, ಆದರೆ 'ತಿರುವು' ಟ್ರ್ಯಾಕಿನಲ್ಲಿ ಹೆಜ್ಜೆಗೊಂದು ಬರುತ್ತದೆ. ಈಗ 'ಹೊರಮೊನೆ', 'ಒಳಮೊನೆ'. ನನಗೆ ಇಷ್ಟವಾಗಿದೆ, ನೀವು ಹೇಳಿ.

ಆಕರ್‌ಮನ್ ಹೆಸರು ಹಾಗೇ ಇರಲಿ. ಒಳಗಾಲಿ ಹೊರಗಾಲಿಗಿಂತ ಹೆಚ್ಚು ತಿರುಗಬೇಕು ಅನ್ನುವ ಉಪಾಯ ಲ್ಯಾಂಕೆನ್ಸ್‌ಪರ್ಗರ್ ಎಂಬ ಗಾಡಿ ಮಾಡುವವನದು, 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ರುಡಾಲ್ಫ್ ಆಕರ್‌ಮನ್ ಹೆಸರು ಉಳಿಯಿತು ಅಷ್ಟೆ.

ಕೊನೆಗೆ 'ಟ್ರ್ಯಾಕ್'. ಓಡಿಸುವ ದಾರಿಯೂ ಟ್ರ್ಯಾಕ್, ಎಡಗಾಲಿಗೂ ಬಲಗಾಲಿಗೂ ಇರುವ ದೂರವೂ ಟ್ರ್ಯಾಕ್. 'ಮಳೆಯಲ್ಲಿ ಮುಂದಿನ ಟ್ರ್ಯಾಕ್ ಅಗಲ ಮಾಡಿ' ಅಂತ ಬರೆದರೆ ರಸ್ತೆ ಕೆಲಸದ ಆದೇಶ ಆಗುತ್ತದೆ. 'ಗಾಲಿ ಅಂತರ' ಅಂದರೆ ಮುಂಗಾಲಿ ಹಿಂಗಾಲಿ ನಡುವಿನ ದೂರವೂ ಅದೇ ಆಗುತ್ತದೆ. 'ಅಡ್ಡಗಲ' ಅನ್ನೋಣವೇ? ಇದಕ್ಕಿಂತ ಒಳ್ಳೆಯ ಪದ ಇದ್ದರೆ ತಿಳಿಸಿ, ಒದ್ದೆ ಟ್ರ್ಯಾಕಿನ ಅಧ್ಯಾಯ ಅಲ್ಲೇ ನಿಂತಿದೆ.