ಗುತ್ತಿನ ಮನೆ ಚಾವಡಿ, ಟ್ರೈಪಾಡ್ ಇಡ್ಲಿಕ್ಕಿಲ್ಲ, ಬ್ರಾಕೆಟ್ ಮರ್ಜ್ ಮಾಡಿದ್ರೆ ಕಂಬ ಎಲ್ಲ ಮೊಬ್ಬು, ಎಂತ ಮಾಡುದು?

ಬಂಗುಡೆ_50ಎಂಎಂ:
ಉಡುಪಿ ಹತ್ರ ಸಂಬಂಧಿಕರದ್ದೊಂದು ಹಳೇ ಗುತ್ತಿನ ಮನೆ (ಊರಿನ ದೊಡ್ಡ ಮನೆತನದ ಮನೆ) ಉಂಟು, ಮಳೆ ಬಿಟ್ಟ ಮೇಲೆ ಮಾಡು (ಛಾವಣಿ) ಬಿಚ್ಚಿ ರಿಪೇರಿ ಮಾಡ್ತಾರಂತೆ, ಅದಕ್ಕೆ ಮೊದಲು ಚಾವಡಿ ಮತ್ತೆ ಉಪ್ಪರಿಗೆ ಇದ್ದ ಹಾಗೇ ಫೋಟೋ ಆಗ್ಬೇಕು ಅಂತ ನಂಗೆ ಹೇಳಿದ್ದಾರೆ. ಹಲಸಿನ ಮರದ ಕಂಬ, ಮುಚ್ಚಿಗೆ (ಮರದ ಹಲಗೆಯ ಒಳಛಾವಣಿ), ಬಾಗಿಲಿನ ಕೆತ್ತನೆ ಎಲ್ಲ ಭಾರೀ ಲಾಯ್ಕ ಉಂಟು, ಆದ್ರೆ ಒಳಗೆ ಬೆಳಕು ಅಂತ ಇದ್ರೆ ಎರಡು ಸಣ್ಣ ಕಿಟಕಿ ಮತ್ತೆ ಒಂದು ಎಲ್‌ಇಡಿ ಬಲ್ಬ್ ಅಷ್ಟೇ. ಟ್ರೈಪಾಡ್ ಕಂಡ ಕೂಡ್ಲೇ ಮನೆಯ ಹಿರಿಯರು ಕೆಂಪು ನೆಲಕ್ಕೆ ಗೀರು ಬೀಳ್ತದೆ ಬೇಡ ಅಂದ್ರು, ಕಾಲಿಗೆ ರಬ್ಬರ್ ಉಂಟು ಅಂದ್ರೂ ಕೇಳುದಿಲ್ಲ. ಫ್ಲ್ಯಾಶ್ ನಂಗೇ ಬೇಡ.

ಅದಕ್ಕೆ ಕೈಯಲ್ಲೇ ಹಿಡ್ಕೊಂಡು ಮೂರು ಎಕ್ಸ್‌ಪೋಶರ್ ಬ್ರಾಕೆಟ್ ತೆಗ್ದೆ, ಅಂದ್ರೆ ಒಂದೇ ದೃಶ್ಯ ಕಮ್ಮಿ, ನಡು, ಜಾಸ್ತಿ ಬೆಳಕಲ್ಲಿ, ಪ್ಲಸ್ ಮೈನಸ್ 2 ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು ಅಥವಾ ಅರ್ಧ), ಆಮೇಲೆ ಮೂರನ್ನೂ ಒಂದೇ ಫೋಟೋ ಮಾಡುವ ಎಚ್‌ಡಿಆರ್ ಮರ್ಜ್. ಸೋನಿ 24 ಮೆಗಾಪಿಕ್ಸೆಲ್ ಎಪಿಎಸ್‌ಸಿ (ಮಧ್ಯಮ ಗಾತ್ರದ ಸೆನ್ಸರ್) ಬಾಡಿ, 16-50 ಕಿಟ್ ಲೆನ್ಸ್, ಸ್ಟೆಬಿಲೈಸರ್ ಆನ್ ಇತ್ತು. ಬಲ್ಬಿನ ಹತ್ರದ ಗೋಡೆ, ಅಲ್ಲಿ ತೂಗು ಹಾಕಿದ ಹಳೇ ಫೋಟೋಗಳು ಶಾರ್ಪ್ ಉಂಟು, ಕಂಬ ಮತ್ತೆ ಮುಚ್ಚಿಗೆ ಮಾತ್ರ ಬೆಣ್ಣೆ ಹಚ್ಚಿದ ಹಾಗೆ. ಕಿಟಕಿ ಸುತ್ತ ಬೆಳ್ಳಗೆ ಒಂದು ಹೊಗೆ ಬೇರೆ. ಅಲೈನ್ (ಫ್ರೇಮ್‌ಗಳನ್ನು ಒಂದರ ಮೇಲೊಂದು ಹೊಂದಿಸುದು) ಸರಿ ಆಗ್ಲಿಲ್ವಾ, ಅಥವಾ ಬೇರೆ ಸಾಫ್ಟ್‌ವೇರ್ ಬೇಕಾ?

ಐಎಸ್‌ಒ_ಆರುಸಾವಿರ:
ಇಷ್ಟಕ್ಕೆಲ್ಲ ಯಾಕೆ ಇಷ್ಟು ಕಷ್ಟ ಪಡ್ತೀರಾ ಗುರು, ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 6400 ಇಟ್ಟು ಒಂದೇ ಶಾಟ್ ಹೊಡೀರಿ, ಕಾಳು ಕಾಳು ನಾಯ್ಸ್ ತೆಗೆಯೋ ಎಐ ಡಿನಾಯ್ಸ್ ಹಾಕಿ, ಐದು ನಿಮಿಷದ ಕೆಲಸ ಆಗುತ್ತೆ.

ಕುಡ್ಲ_ರಾ:
ಮದುವೆ ಮನೆ ಫೋಟೋಗೆ ಅದು ಸಾಕು ಮಾರಾಯ್ರೆ, ನಾನೂ ಮಾಡ್ತೇನೆ. ಇದು ದಾಖಲೆಗೆ. ಎಐ ಗೊತ್ತಿಲ್ಲದ ಕಡೆ ಮರದ ಗೆರೆ, ಉಳಿ ಗುರುತು ಎಲ್ಲ ತಾನೇ ಊಹೆ ಮಾಡಿ ಬಿಡಿಸ್ತದೆ, ನಾಳೆ ಯಾರಾದ್ರೂ ಆಚಾರಿಗಳು ಅದನ್ನು ನೋಡಿ ಹಾಗೇ ಕೆತ್ತಲಿಕ್ಕೆ ಹೊರಟ್ರೆ ಇಲ್ಲದ್ದನ್ನು ಕೆತ್ತಿ ಇಡ್ತಾರೆ.

ಬಂಗುಡೆಯವರೇ, ಮೂರೂ ರಾ ಫೈಲ್ (ಕ್ಯಾಮರಾ ಏನೂ ತಿದ್ದದ ಮೂಲ ಫೈಲ್) ಬೇರೆ ಬೇರೆ ಓಪನ್ ಮಾಡಿ 100 ಪರ್ಸೆಂಟ್ ಝೂಮಲ್ಲಿ ಒಂದೇ ಕಂಬ ನೋಡಿ, ಯಾವ ಶಟರ್‌ದು ಎಷ್ಟು ಶಾರ್ಪ್ ಉಂಟು ಹೇಳಿ. ಮರ್ಜ್ ಆದದ್ದನ್ನು ನೋಡಿ ಏನೂ ಗೊತ್ತಾಗುದಿಲ್ಲ.

ಬಂಗುಡೆ_50ಎಂಎಂ:
ಎಫ್ 3.5, ಐಎಸ್‌ಒ 800. ಶಟರ್ 1/60, 1/15, 1/4 ಸೆಕೆಂಡ್. ಮೊದಲಿಂದು ಪಕ್ಕಾ ಶಾರ್ಪ್ ಆದ್ರೆ ಕಂಬ ಹತ್ತತ್ರ ಕಪ್ಪೇ, ನಡುವಿಂದು ಪರವಾಗಿಲ್ಲ, 1/4ರದ್ದು ಅಲುಗಾಡಿ ಹೋಗಿದೆ. ಕಿಟಕಿ ಮೂರರಲ್ಲೂ ಬೆಳ್ಳಗೆ.

ಕುಡ್ಲ_ರಾ:
ಹಾಂ, ಅದೇ ವಿಷಯ. ನಿಮ್ಮ ಅಲೈನ್ ಸರಿಯೇ ಉಂಟು, ಸಾಫ್ಟ್‌ವೇರ್‌ದು ತಪ್ಪಿಲ್ಲ. ಎಚ್‌ಡಿಆರ್ ಮರ್ಜ್ ಅನ್ನುದು ಕತ್ತಲೆ ಜಾಗಕ್ಕೆ ಬೇಕಾದ ಡೀಟೇಲ್ ಎಲ್ಲ ಜಾಸ್ತಿ ಬೆಳಕಿನ ಫ್ರೇಮಿಂದ್ಲೇ ತಗೊಳ್ಳುದು, ಅಂದ್ರೆ ನಿಮ್ಮ ಕಂಬ, ಮುಚ್ಚಿಗೆ ಬಂದದ್ದು ಆ ಅಲುಗಾಡಿದ 1/4 ಫ್ರೇಮಿಂದ. ಬಲ್ಬಿನ ಹತ್ರದ ಗೋಡೆ 1/60ರಿಂದ ಬಂತು, ಅದಕ್ಕೆ ಅದು ಶಾರ್ಪ್. ಟ್ರೈಪಾಡ್ ಇದ್ದವರಿಗೆ ಮಾಡಿದ ವಿಧಾನವನ್ನು ಕೈಯಲ್ಲಿ ಹಿಡ್ಕೊಂಡು ಮಾಡಿದ್ರೆ ಹೀಗೇ ಆಗುದು, ಯಾವ ಭಾಗ ನಮಗೆ ಮುಖ್ಯವೋ ಅದಕ್ಕೇ ಅತಿ ಕೆಟ್ಟ ಫ್ರೇಮ್ ಸಿಗ್ತದೆ.

ಹಾಗಾದ್ರೆ ಎಂತ ಮಾಡುದು ಅಂದ್ರೆ, ಬ್ರಾಕೆಟ್ ಬಿಟ್ಟುಬಿಡಿ. ಒಂದೇ ಸೆಟ್ಟಿಂಗಲ್ಲಿ, ಕೈ ಅಲುಗಾಡದಷ್ಟು ಫಾಸ್ಟ್ ಶಟರಲ್ಲಿ, ಬರ್ಸ್ಟ್ ಹೊಡ್ದು (ಬಟನ್ ಒತ್ತಿ ಹಿಡಿದು ಸಾಲಾಗಿ) 16 ಫ್ರೇಮ್ ತೆಗೀರಿ, ಮತ್ತೆ ಎಲ್ಲ ಅಲೈನ್ ಮಾಡಿ ಸರಾಸರಿ ತೆಗೀರಿ. 1/60ರ 16 ಫ್ರೇಮ್ ಕೂಡಿಸಿದ್ರೆ 16/60, ಅಂದ್ರೆ ಹೆಚ್ಚು ಕಮ್ಮಿ 1/4 ಸೆಕೆಂಡೇ ಆಯ್ತಲ್ಲಾ, ಆ ಹಾಳಾದ ಫ್ರೇಮಿಗೆ ಬಿದ್ದಷ್ಟೇ ಬೆಳಕು, ಆದ್ರೆ ಒಂದೊಂದು ಚೂರೂ ಶಾರ್ಪ್. ಒಂದೊಂದು ಫ್ರೇಮ್ ನೋಡ್ಲಿಕ್ಕೆ ಕಪ್ಪು ಕಪ್ಪು ಇರ್ತದೆ, ಹೆದರ್ಬೇಡಿ. ನಾಯ್ಸ್ ಫ್ರೇಮಿಂದ ಫ್ರೇಮಿಗೆ ಬದಲಾಗ್ತಾ ಇರ್ತದೆ, ಕಂಬ ಬದಲಾಗುದಿಲ್ಲ, ಹಾಗೆ ಸರಾಸರಿಯಲ್ಲಿ ನಾಯ್ಸ್ ಕಮ್ಮಿ ಆಗ್ತಾ ಬರ್ತದೆ, 4 ಫ್ರೇಮಿಗೆ ಅರ್ಧ, 16ಕ್ಕೆ ಕಾಲು. ಅದನ್ನೂ ಅರ್ಧ ಮಾಡ್ಬೇಕಾದ್ರೆ 64 ಬೇಕು, ಅಷ್ಟು ದೂರ ಹೋಗುದು ಮರ್ಲು (ಹುಚ್ಚು). ಸರಾಸರಿ ಆದ ಮೇಲೆ ಕತ್ತಲೆ ಭಾಗ ಎರಡು ಮೂರು ಸ್ಟಾಪ್ ಎತ್ತಿದ್ರೂ ತಡ್ಕೊಳ್ತದೆ.

ಮೊಬೈಲ್‌ನವರು ಮಾಡಿದ್ದೂ ಇದನ್ನೇ. ಗೂಗಲ್‌ನ ಎಚ್‌ಡಿಆರ್ ಪ್ಲಸ್ ಸುರುವಿಗೆ ಬಂದದ್ದೇ ಒಂದೇ ಎಕ್ಸ್‌ಪೋಶರಿನ ಕಪ್ಪು ಫ್ರೇಮ್‌ಗಳನ್ನು ಕೂಡಿಸುವ ಲೆಕ್ಕದಲ್ಲಿ, 2018ರಲ್ಲಿ ಪಿಕ್ಸೆಲ್ ಫೋನಿಗೆ ನೈಟ್ ಸೈಟ್ ಬಂದಾಗ್ಲೂ ಮೂಲ ಅದೇ. ಅಷ್ಟು ಸಣ್ಣ ಸೆನ್ಸರ್ ಇಟ್ಕೊಂಡು ಅವರು ಮಾಡ್ತಾರೆ ಅಂದ್ರೆ ನಿಮ್ಮ ಎಪಿಎಸ್‌ಸಿಯಲ್ಲಿ ಆಗದೆ ಇರ್ತದಾ. ಕ್ಯಾಮರಾದಲ್ಲೇ ಮಲ್ಟಿ ಫ್ರೇಮ್ ನಾಯ್ಸ್ ರಿಡಕ್ಷನ್ ಅಂತ ಒಂದು ಇರ್ತದೆ, ಅದು ಜೆಪೆಗ್ ಕೊಡುದು, ಈ ಕೆಲಸಕ್ಕೆ ನಾನು ಮುಟ್ಟುದಿಲ್ಲ.

ಗ್ರೈನ್_ಗಸಿ:
ಮೇಲೆ ಹೇಳಿದ್ದಕ್ಕೆ ಸೇರಿಸ್ತೇನೆ, ಎಲ್‌ಇಡಿ ಬಲ್ಬ್ ಉಂಟು ಅಂದ್ರಲ್ಲಾ, 1/60 ಬೇಡ, 1/50 ಇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಏರಿಳೀತದೆ, ಶಟರ್ 1/100, 1/50, 1/25 ಇದ್ರೆ ಪ್ರತಿ ಫ್ರೇಮಿಗೂ ಪೂರ್ತಿ ಏರಿಳಿತ ಸಿಕ್ಕಿ ಎಲ್ಲ ಒಂದೇ ಬ್ರೈಟ್‌ನೆಸ್ ಬರ್ತದೆ. ಇಲ್ಲದಿದ್ರೆ ಒಂದು ಫ್ರೇಮ್ ಕಪ್ಪು, ಒಂದು ಬಿಳಿ, ನಡುವಲ್ಲಿ ಅಡ್ಡಪಟ್ಟಿ ಬೇರೆ. ಸೈಲೆಂಟ್ ಶಟರ್ ಇದ್ರೆ ಆಫ್ ಮಾಡಿ, ಮೆಕಾನಿಕಲ್ ಇರ್ಲಿ. ಬೆಲೆಬಾಳುವ ಬಲ್ಬ್ ಆದ್ರೆ ಈ ತಲೆಬಿಸಿ ಇರುದಿಲ್ಲ, ಆದ್ರೆ ಹಳೇ ಮನೆ ಚಾವಡಿಗೆ ಅದನ್ನು ಯಾರು ಹಾಕ್ತಾರೆ.

ಫೋಕಸ್ ಒಂದು ಸಲ ಹಿಡಿದು ಮ್ಯಾನ್ಯುವಲ್‌ಗೆ ಹಾಕಿ, ಎಕ್ಸ್‌ಪೋಶರ್ ಮ್ಯಾನ್ಯುವಲ್, ವೈಟ್ ಬ್ಯಾಲೆನ್ಸ್ ಒಂದೇ ಕೆಲ್ವಿನ್ ನಂಬರಿಗೆ ಲಾಕ್. ಮನೆಗೆ ಬಂದು ರಾ ಕನ್ವರ್ಟ್ ಮಾಡುವಾಗ ಎಲ್ಲ ಫ್ರೇಮಿಗೂ ಒಂದೇ ಸೆಟ್ಟಿಂಗ್, ಶಾರ್ಪನಿಂಗ್ ಸೊನ್ನೆ, ನಾಯ್ಸ್ ರಿಡಕ್ಷನ್ ಸೊನ್ನೆ. ಹೈಲೈಟ್, ಶ್ಯಾಡೋ ಸ್ಲೈಡರ್ ಈ ಹಂತದಲ್ಲಿ ಮುಟ್ಲಿಕ್ಕೇ ಹೋಗ್ಬೇಡಿ, ಅವು ಒಂದೊಂದು ಫೋಟೋ ನೋಡಿ ತಮಗೆ ತೋಚಿದ ಹಾಗೆ ವರ್ತಿಸ್ತಾವೆ. 16 ಬಿಟ್ ಟಿಫ್ ಮಾಡಿ, 8 ಬಿಟ್ ಆದ್ರೆ ಆಮೇಲೆ ಕತ್ತಲೆ ಎತ್ತುವಾಗ ಮೆಟ್ಟಿಲು ಮೆಟ್ಟಿಲು ಕಾಣ್ತದೆ.

ಫೋಟೋಶಾಪ್ ಇದ್ರೆ ಫೈಲ್ ಮೆನುವಿನ ಸ್ಕ್ರಿಪ್ಟ್ಸ್ ಒಳಗೆ ಲೋಡ್ ಫೈಲ್ಸ್ ಇನ್‌ಟು ಸ್ಟ್ಯಾಕ್, ಅಲ್ಲಿ ಅಲೈನ್ ಮತ್ತೆ ಸ್ಮಾರ್ಟ್ ಆಬ್ಜೆಕ್ಟ್ ಎರಡಕ್ಕೂ ಟಿಕ್, ಆಮೇಲೆ ಸ್ಟ್ಯಾಕ್ ಮೋಡ್ ಮೀನ್ (ಸರಾಸರಿ). ದುಡ್ಡು ಕೊಡುದಿಲ್ಲ ಅಂದ್ರೆ ಹ್ಯೂಗಿನ್ ಅಂತ ಫ್ರೀ ಪನೋರಮಾ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಅದರ ಜೊತೆ ಅಲೈನ್ ಇಮೇಜ್ ಸ್ಟ್ಯಾಕ್ ಅಂತ ಕಮಾಂಡ್ ಬರ್ತದೆ, ನಾನು ಅದನ್ನೇ ಬಳಸುದು. ಮೈನಸ್ ಕ್ಯಾಪಿಟಲ್ ಸಿ ಕೊಟ್ರೆ ಅಂಚು ತಾನೇ ಕ್ರಾಪ್ ಆಗ್ತದೆ, ಸಣ್ಣ ಸಿ ಅಂದ್ರೆ ಕಂಟ್ರೋಲ್ ಪಾಯಿಂಟ್ ಲೆಕ್ಕ, ಸುಮ್ಮನೆ ಬಿಟ್ರೆ 8 ಇರ್ತದೆ, ಕಪ್ಪು ಫ್ರೇಮಿಗೆ ಸಾಕಾಗುದಿಲ್ಲ, 20 ಮಾಡಿ. ಅಲೈನ್ ಆದ ಟಿಫ್‌ಗಳನ್ನು ಇಮೇಜ್‌ಮ್ಯಾಜಿಕ್ ಅನ್ನುವ ಫ್ರೀ ಟೂಲಿಗೆ ಕೊಟ್ಟು ಮೀನ್ ತೆಗ್ದ್ರೆ ಮುಗೀತು.

ಬಂಗುಡೆ_50ಎಂಎಂ:
ನಿನ್ನೆ ಪುನಃ ಹೋಗಿ ಹೇಳಿದ ಹಾಗೇ ಮಾಡಿದೆ. ಮುಚ್ಚಿಗೆ ನೋಡಿ ನಂಗೇ ನಂಬ್ಲಿಕ್ಕಾಗ್ಲಿಲ್ಲ, ಹಲಗೆ ಹಲಗೆಯ ಜೋಡಣೆ ಕಾಣ್ತದೆ ಮಾರ್ರೆ. ಆದ್ರೆ ಇನ್ನು ಮೂರು ತೊಂದ್ರೆ ಉಂಟು. ಎದುರಿನ ಒಂದು ಕಂಬ, ನನ್ನಿಂದ ಒಂದು ಮೀಟರ್ ದೂರ ಇರ್ಬಹುದು, ಅದು ಡಬಲ್ ಡಬಲ್. ಮತ್ತೆ ಕತ್ತಲೆ ಎತ್ತಿದ್ರೆ ಮೂಲೆಯಲ್ಲಿ ನೇರಳೆ ಬಣ್ಣ ಬರ್ತದೆ. ಕಿಟಕಿಯ ಹೊಗೆ ಹಾಗೇ ಉಂಟು.

ಕುಡ್ಲ_ರಾ:
ಕಂಬದ್ದು ಪ್ಯಾರಲಾಕ್ಸ್. ಕ್ಯಾಮರಾ ತಿರುಗಿದ್ರೆ ಸಾಫ್ಟ್‌ವೇರ್ ಸರಿ ಮಾಡ್ತದೆ, ಜಾಗ ಬದಲಾದ್ರೆ ಅದಕ್ಕೆ ಆಗುದಿಲ್ಲ. ಲೆಕ್ಕ ಹಾಕಿ ನೋಡಿ, ನಿಮ್ಮ ಸೆನ್ಸರಲ್ಲಿ 16 ಎಂಎಂ ಇಟ್ಟು ಕ್ಯಾಮರಾ ಬರೀ 1 ಸೆಂಟಿಮೀಟರ್ ಪಕ್ಕಕ್ಕೆ ಹೋದ್ರೆ 1 ಮೀಟರ್ ದೂರದ ಕಂಬ ಸುಮಾರು 40 ಪಿಕ್ಸೆಲ್ ಜಾರ್ತದೆ, 8 ಮೀಟರ್ ದೂರದ ಗೋಡೆ 5 ಪಿಕ್ಸೆಲ್ ಮಾತ್ರ. ಸಾಫ್ಟ್‌ವೇರ್ ಗೋಡೆಯನ್ನು ಹಿಡ್ಕೊಂಡ್ರೆ ಕಂಬ ಒಡೀತದೆ, ಕಂಬ ಹಿಡ್ಕೊಂಡ್ರೆ ಗೋಡೆ. ನಿಂತಲ್ಲಿ ಉಸಿರಾಡಿದ್ರೂ ಒಂದು ಸೆಂಟಿಮೀಟರ್ ಆಗ್ತದೆ. ಹಾಗಾಗಿ ಬೆನ್ನು ಇನ್ನೊಂದು ಕಂಬಕ್ಕೋ ಗೋಡೆಗೋ ಒರಗಿಸಿ, ಮೊಣಕೈ ಎದೆಗೆ ಒತ್ತಿ, ಉಸಿರು ಬಿಟ್ಟು ಮುಗಿದ ಮೇಲೆ ಬರ್ಸ್ಟ್ ಹೈ ಸ್ಪೀಡಲ್ಲಿ ಹೊಡೀರಿ, ಎರಡು ಸೆಕೆಂಡಲ್ಲಿ ಕೆಲಸ ಮುಗೀಬೇಕು, ಒಂದೊಂದೇ ಕ್ಲಿಕ್ ಮಾಡ್ತಾ ಕೂತ್ರೆ ದೇಹ ಎಲ್ಲೆಲ್ಲೋ ಹೋಗ್ತದೆ. ಹೊಸ್ತಿಲ ಮೇಲೆ, ಜಗಲಿ ಮೇಲೆ ಕೂತು ತೆಗ್ದ್ರೆ ಇನ್ನೂ ಒಳ್ಳೇದು. ಆದಷ್ಟು ಒಂದು ಮೀಟರಿಗಿಂತ ಹತ್ತಿರ ಏನೂ ಫ್ರೇಮಲ್ಲಿ ಬರದ ಹಾಗೆ ನೋಡ್ಕೊಳ್ಳಿ, ಆ ಕಂಬ ಬೇಕೇ ಬೇಕು ಅಂದ್ರೆ ಅದರದ್ದೇ ಬೇರೆ ಸೆಟ್ ತೆಗೀರಿ. ಕೈ ಸ್ವಲ್ಪ ಅಲುಗಾಡುದು ಮಾತ್ರ ಒಳ್ಳೇದೇ, ಸೆನ್ಸರಲ್ಲಿ ಒಂದೇ ಜಾಗದಲ್ಲಿ ಕೂರುವ ನಾಯ್ಸ್ ಪ್ಯಾಟರ್ನ್ ಉಂಟಲ್ಲಾ, ಅದು ಅಲೈನ್ ಮಾಡುವಾಗ ಚದುರಿ ಹೋಗ್ತದೆ. ಟ್ರೈಪಾಡಲ್ಲಿ ಆ ಲಾಭ ಇಲ್ಲ.

ನೇರಳೆ ಬರುದು ಯಾಕೆ ಅಂದ್ರೆ ಕನ್ವರ್ಟ್ ಮಾಡುವಾಗ ಕಪ್ಪು ಕಟ್ ಆಗಿದೆ. ನಾಯ್ಸ್ ಅಂದ್ರೆ ಮೇಲೆ ಕೆಳಗೆ ಎರಡೂ ಕಡೆ ಹೋಗುವಂಥದ್ದು, ಕೆಳಗಿನ ಅರ್ಧ ಸೊನ್ನೆಯಲ್ಲಿ ಕತ್ತರಿಸಿ ಹೋದ್ರೆ ಸರಾಸರಿ ಮೇಲಕ್ಕೆ ಸರೀತದೆ, ಅದೂ ಕೆಂಪು, ನೀಲಿಯಲ್ಲಿ ಹಸಿರಿಗಿಂತ ಜಾಸ್ತಿ. ಕಾಂಟ್ರಾಸ್ಟ್ ಕರ್ವ್ ತೆಗ್ದು ಲೀನಿಯರ್ ಇಡಿ, ಬ್ಲ್ಯಾಕ್ ಸ್ವಲ್ಪ ಎತ್ತಿ ಟಿಫ್ ಮಾಡಿ, ಸ್ಟ್ಯಾಕ್ ಆದ ಮೇಲೆ ಕಪ್ಪನ್ನು ಪುನಃ ಕೆಳಗೆ ಇಳಿಸಿ.

ಗ್ರೈನ್_ಗಸಿ:
ಕಿಟಕಿಯ ಹೊಗೆ ಒಂದೇ ಒಂದು ರಾ ಫ್ರೇಮಲ್ಲಿ ಉಂಟಾ ನೋಡಿ. ಮರ್ಜ್ ಆದದ್ರಲ್ಲಿ ಮಾತ್ರ ಇದ್ರೆ ಅದು ಟೋನ್ ಮ್ಯಾಪಿಂಗ್‌ದು, ಅಂದ್ರೆ ಸಾಫ್ಟ್‌ವೇರ್ ಬೆಳಕು ಕತ್ತಲೆ ಹೊಂದಿಸುವಾಗ ಆದದ್ದು. ಸಿಂಗಲ್ ಫ್ರೇಮಲ್ಲೂ ಇದ್ರೆ ಲೆನ್ಸನ್ನು ಕ್ಯಾಮರಾದಿಂದ ಬಿಚ್ಚಿ ಹಿಂದಿನಿಂದ ಟಾರ್ಚ್ ಹಾಕಿ ಮುಂದಿನಿಂದ ಓರೆಯಾಗಿ ನೋಡಿ, ಜೇಡನ ಬಲೆ ಹಾಗೆ ಎಳೆ ಎಳೆ ಕಂಡ್ರೆ ಫಂಗಸ್. ನಮ್ಮ ಊರಿನ ಮಳೆಗಾಲದಲ್ಲಿ ಲೆನ್ಸ್ ಬ್ಯಾಗಲ್ಲಿ ಇಟ್ಟು ಜಿಪ್ ಎಳೆದವರಿಗೆಲ್ಲ ಇದು ಬಂದೇ ಬರ್ತದೆ.

ಬಂಗುಡೆ_50ಎಂಎಂ:
ಸಿಂಗಲ್ ಫ್ರೇಮಲ್ಲೂ ಉಂಟು, ಟಾರ್ಚ್ ಹಾಕಿದ್ರೆ ಅಂಚಲ್ಲಿ ಎಳೆ ಕಾಣ್ತದೆ. ಅಯ್ಯೋ.

ಗ್ರೈನ್_ಗಸಿ:
ಅಂಚಲ್ಲಿ ಮಾತ್ರ ಇದ್ರೆ ಈ ಕೆಲಸಕ್ಕೆ ಅಡ್ಡಿ ಇಲ್ಲ, ಕಿಟಕಿಯನ್ನು ಎದುರು ಇಟ್ಕೊಳ್ಳದೆ ಬೆನ್ನಿಗೋ ಪಕ್ಕಕ್ಕೋ ಹಾಕ್ಕೊಂಡು ತೆಗೀರಿ. ಎದುರೇ ಬೇಕಾದ್ರೆ ಹೊತ್ತು ಕಂತುವಾಗ ಹೋಗಿ, ಹೊರಗಿನ ಬೆಳಕು ಬಲ್ಬಿನ ಮಟ್ಟಕ್ಕೆ ಇಳಿಯುವ ಒಂದು ಹದಿನೈದು ಇಪ್ಪತ್ತು ನಿಮಿಷ ಸಿಗ್ತದೆ, ಆಗ ಕಿಟಕಿ ಬೆಳ್ಳಗೆ ಹೋಗುದೂ ಇಲ್ಲ. ಹಗಲಲ್ಲೇ ಆಗ್ಬೇಕು ಅಂದ್ರೆ ಕಿಟಕಿಗೆ ಅಂತ 1/500, 1/1000ರಲ್ಲಿ ನಾಲ್ಕೈದು ಫ್ರೇಮ್ ಬೇರೆ ತೆಗ್ದು ಮಾಸ್ಕ್ ಮಾಡಿ (ಆ ಭಾಗ ಮಾತ್ರ ತಂದು ಸೇರಿಸಿ), ಅದು ಹೊರಗಿನ ಬೆಳಕಾದ ಕಾರಣ ಫ್ಲಿಕ್ಕರ್ ಚಿಂತೆ ಇಲ್ಲ. ಲೆನ್ಸನ್ನು ಉಳಿದ ಲೆನ್ಸ್‌ಗಳಿಂದ ದೂರ ಇಡಿ, ಕ್ಲೀನ್ ಮಾಡಿಸಿ, ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ 40ರಿಂದ 50 ಪರ್ಸೆಂಟ್ ಹ್ಯುಮಿಡಿಟಿಯಲ್ಲಿ ಇಡಿ.

ತೆಂಕಪೇಟೆ_ಕ್ಲಿಕ್:
ನಡುವೆ ಬಂದದ್ದಕ್ಕೆ ಕ್ಷಮಿಸಿ, ಇದೇ ಐಡಿಯಾ ಕಾರ್ಕಳದ ಚತುರ್ಮುಖ ಬಸದಿಗೆ ಆಗ್ತದಾ? ಅಲ್ಲಿ ಜನ ಓಡಾಡ್ತಾ ಇರ್ತಾರೆ. ಮತ್ತೆ ಮಂಗಳೂರಿನ ಅಲೋಶಿಯಸ್ ಚಾಪೆಲ್?

ಕುಡ್ಲ_ರಾ:
ಚಾಪೆಲ್ ಒಳಗೆ ಫೋಟೋ ತೆಗಿಲಿಕ್ಕೆ ಬಿಡುದಿಲ್ಲ, ಅಲ್ಲಿ ಮೊಸ್ಕೆನಿ ಅನ್ನುವ ಇಟಲಿಯ ಕಲಾವಿದರು ಬಿಡಿಸಿದ ಚಿತ್ರ ಕಣ್ಣಲ್ಲೇ ನೋಡಿ ಬನ್ನಿ. ಬಸದಿಯಲ್ಲಿ ಮೊದಲು ಕೇಳಿ, ಬಿಟ್ರೆ ಆಗ್ತದೆ. 1586ರ ಕಟ್ಟಡ, ಎಲ್ಲ ಕಪ್ಪು ಕಲ್ಲು, ನಾಲ್ಕು ದಿಕ್ಕಿಗೂ ಬಾಗಿಲು, ಹಾಗಾಗಿ ಎಲ್ಲಿ ನಿಂತ್ರೂ ಒಂದು ಬಾಗಿಲಿನ ಬಿಳಿ ಎದುರು ಬಂದೇ ಬರ್ತದೆ, ಕಂಬದ ಹಿಂದೆ ಅದನ್ನು ಅಡಗಿಸುವ ಹಾಗೆ ನಿಲ್ಲಿ. ಜನ ಇದ್ರೆ ಮೀನ್ ಬದಲು ಮೀಡಿಯನ್ (ಎಲ್ಲ ಫ್ರೇಮಿನ ನಡುವಿನ ಬೆಲೆ) ಹಾಕಿ, ಒಂದೊಂದು ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಫ್ರೇಮ್ ಖಾಲಿ ಇದ್ರೆ ಅಲ್ಲಿಂದ ಜನ ಮಾಯ. ಇದಕ್ಕೆ ಮಾತ್ರ ಬರ್ಸ್ಟ್ ಆಗುದಿಲ್ಲ, ಜನ ಸರಿಯುವಷ್ಟು ಬಿಟ್ಟು ಬಿಟ್ಟು ತೆಗೀಬೇಕು, ಅಂದ್ರೆ ಪ್ಯಾರಲಾಕ್ಸ್ ಜಾಸ್ತಿ, ಏನಾದ್ರೂ ಒರಗಲಿಕ್ಕೆ ಹುಡ್ಕಿ. ಮೀಡಿಯನಲ್ಲಿ ನಾಯ್ಸ್ ಮೀನ್‌ಗಿಂತ ಕಾಲು ಭಾಗದಷ್ಟು ಜಾಸ್ತಿ ಉಳೀತದೆ, ಅದಕ್ಕೆ ಒಂದು ಎಂಟು ಫ್ರೇಮ್ ಹೆಚ್ಚು ತಗೊಳ್ಳಿ. ದೀಪ ಉರೀತಾ ಇದ್ರೆ ಜ್ವಾಲೆ ಎರಡರಲ್ಲೂ ಉಂಡೆ ಹಾಗೆ ಕಾಣ್ತದೆ, ಅದನ್ನು ಒಂದೇ ಫ್ರೇಮಿಂದ ಮಾಸ್ಕ್ ಮಾಡುದು ಲೇಸು.

ಬಂಗುಡೆ_50ಎಂಎಂ:
ಸಂಜೆ ಹೋಗಿ ಬಂದೆ, ಕಿಟಕಿ ಸರಿ ಆಯ್ತು, ನೇರಳೆ ಹೋಯ್ತು, ಕಂಬದ್ದು ಬೇರೆ ಸೆಟ್ ತೆಗ್ದೆ. ಈಗ ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕ್ ಫುಲ್ ಅಂತ ಬೊಬ್ಬೆ ಹೊಡೀತಾ ಉಂಟು, ಇದನ್ನೆಲ್ಲ ಇಟ್ಕೊಳ್ಬೇಕಾ?

ಗ್ರೈನ್_ಗಸಿ:
24 ಮೆಗಾಪಿಕ್ಸೆಲ್‌ನ 16 ಬಿಟ್ ಟಿಫ್ ಒಂದಕ್ಕೆ 144 ಎಂಬಿ, ಒಂದು ಸೆಟ್ಟಿಗೆ 2.3 ಜಿಬಿ, ಅಲೈನ್ ಆದದ್ದು ಪುನಃ ಅಷ್ಟೇ. ಸ್ಟ್ಯಾಕ್ ಆದ ಫೈಲ್ ಒಂದು, ರಾ ಎಲ್ಲ, ಇಷ್ಟು ಇಟ್ಕೊಂಡು ನಡುವಿನ ಟಿಫ್ ಎಲ್ಲ ಡಿಲೀಟ್ ಮಾಡಿ, ಬೇಕಾದ್ರೆ ರಾದಿಂದ ಪುನಃ ಮಾಡ್ಲಿಕ್ಕಾಗ್ತದೆ. ಒಂದು ಕಾಪಿ ಆ ಮನೆಯವರಿಗೆ ಪೆನ್‌ಡ್ರೈವಲ್ಲಿ ಕೊಡಿ, ಜೆಪೆಗ್ ಕೊಡಿ, ಟಿಫ್ ಕೊಟ್ರೆ ಮೊಬೈಲಲ್ಲಿ ಓಪನ್ ಆಗುದಿಲ್ಲ ಅಂತ ದಿನಾ ಫೋನ್ ಬರ್ತದೆ.